ಹಳೆಯ ಬ್ರೌಸರಿನಲ್ಲಿ ಪಕ್ಕಪಕ್ಕ

ಮೊದಲ ಏಟು ಯಂಕೇಶನ ಭುಜಕ್ಕೆ ಬಿತ್ತು, ಎರಡನೆಯದು ಕೀಬೋರ್ಡಿಗೆ.

"ನನ್ನ ತಂಗಿ ಫೋಟೋ ನಿನ್ನ ಬಾಜೂಕ ಹಾಕ್ತಿ ಏನಲೇ? ಅದೂ ಮದುಮಕ್ಕಳ ಸಾಲಿನ್ಯಾಗ?"

ಬಡಿಗೆ ಹಿಡಿದವನು ವೆಂಕೋಬ, ಮಹೇಶ್ವರಿಯ ಅಣ್ಣ. ಯಲಬುರ್ಗಾದ ಸೈಬರ್‌ನಲ್ಲಿ ಫೋಟೋ ನೋಡಿ, ಸಿಕ್ಕ ಬಸ್ಸು ಹತ್ತಿ, ತಂಗಿಯೂ ಯಂಕೇಶನೂ ಕೆಲಸ ಮಾಡುವ ಗಂಗಾವತಿಯ ಕಂಪ್ಯೂಟರ್ ಅಂಗಡಿಗೆ ಬಂದಿದ್ದ.

ಇದು 2005ರ ಮಾತು. ಸಾಮೂಹಿಕ ವಿವಾಹದ ಕಮಿಟಿಗೆ ಯಂಕೇಶ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಮೇಲೆ ವಧೂವರರ ಜೋಡಿ ಫೋಟೋಗಳು. ಕೆಳಗೆ ಸೈಟ್ ಮಾಡಿದವರ ಫೋಟೋಗಳು: ಎಡತುದಿಗೆ ವಿವರ ಟೈಪ್ ಮಾಡಿದ ಮಹೇಶ್ವರಿ, ಬಲತುದಿಗೆ ಅವನು. ನಡುವಿನ ಖಾಲಿ ಜಾಗವನ್ನು ಪಾಪದವನು ಎಷ್ಟು ಸಲ ಆಸೆಯಿಂದ ನೋಡಿದ್ದನೋ! ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

"ಇಲ್ಲಿ ನೋಡಣ್ಣಾ," ಎಂದು ಮಹೇಶ್ವರಿ ವೆಂಕೋಬನ ತೋಳು ಹಿಡಿದೆಳೆದಳು. ಹೊಸ ಕಂಪ್ಯೂಟರಿನಲ್ಲಿ ಇಬ್ಬರೂ ದೂರ ದೂರವೇ ಇದ್ದರು. ಹಳೆಯದರಲ್ಲಿ, ಬ್ರೌಸರಿಗೆ ಅಳತೆ ತಿಳಿಯದೆ, ಮೇಲಕ್ಕೆ ಜಿಗಿದು ಜೋಡಿಗಳ ಸಾಲಿನ ಕೊನೆಗೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು.

"ತಪ್ಪು ನಂದೈತ್ರಿ," ಎಂದ ಯಂಕೇಶ. "ಹೊಸಾ ಮಷೀನಿನ್ಯಾಗ ಅಷ್ಟ ನೋಡಿದೆ. ಯಾವ ಫೋಟೋ ಎಲ್ಲಿ ಕೂಡಬೇಕಂತ ಹಳೇ ಬ್ರೌಸರಿಗೆ ಬ್ಯಾರೆ ಕೋಡ್ ಬರೀಬೇಕಿತ್ತು."

"ಈಗ ಬರಿ! ಯಾವ ಮಷೀನಿನ್ಯಾಗ ತೆಗೆದ್ರೂ ನೀವಿಬ್ರೂ ದೂರ ಇರಬೇಕು. ಇಕಿನ್ನ ಇವತ್ತ ಕರಕೊಂಡು ಹೋಗಿ ಬರೋ ವಾರ ಲಗ್ನಾ ಮಾಡಿಬಿಡ್ತೀನಿ."

ಭುಜ ಸುಡುತ್ತಿತ್ತು. ಹಳೆಯ ಬ್ರೌಸರಿಗೆಂದೇ ಯಂಕೇಶ ಒಂದೊಂದೇ ಸಾಲು ಬರೆದ. ಅವಳನ್ನು ತನ್ನ ಕೈಯಾರೆ ದೂರ ತಳ್ಳುತ್ತಿದ್ದ. ಸೇವ್ ಮಾಡಬೇಕು, ಅಷ್ಟರಲ್ಲಿ ಮಹೇಶ್ವರಿಯ ಕೈ ಅವನ ಕೈ ಮೇಲೆ ಬಂತು.

"ಬ್ಯಾಡ್ರಿ."

"ಮೇಡಂ, ನಿಮ್ಮಣ್ಣ ಕೊಲ್ತಾನ್ರಿ!"

"ಇಷ್ಟು ದಿನ ಕಳ್ಳಗಣ್ಣಿಲೆ ನೋಡಿದ್ರಿ. ಈಗ ನೆಟ್ಟಗ ನೋಡಿ ಹೇಳ್ರಿ. ನನಗ ಒಪ್ಪಿಗಿ ಐತಿ. ನಿಮಗ?"

ಅವಳ ಕಣ್ಣಂಚಿನಲ್ಲಿ ಆ ಹೊತ್ತಿನಲ್ಲೂ ತುಂಟತನವಿತ್ತು. ಯಂಕೇಶನಿಗೆ ನೋವು ಮರೆತೇಹೋಯಿತು.

"ಐತ್ರಿ. ಭಾಳ ದಿನದಿಂದ ಐತಿ."

ಬಡಿಗೆ ಈ ಸಲ ಅವಳ ಮೇಲೆದ್ದಿತು. ಯಂಕೇಶ ಅಡ್ಡ ನುಗ್ಗಿದ. ಮಣಿಕಟ್ಟು ಲಟಕ್ಕೆಂದಿತು, ಅವನು ಜಾಗ ಬಿಟ್ಟು ಕದಲಲಿಲ್ಲ. ಸಿಟ್ಟು ತಡೆಯದೆ ವೆಂಕೋಬ ಹಳೆಯ ಮಾನಿಟರಿಗೆ ಬಾರಿಸಿದ. ಜೋಡಿ ಫೋಟೋ ಇದ್ದ ಪರದೆಯ ಗಾಜು ಪುಡಿಪುಡಿಯಾಗಿ ನೆಲಕ್ಕೆ ಚೆಲ್ಲಿತು.

ಮಹೇಶ್ವರಿ ಓಢಣಿ ಹರಿದು ಯಂಕೇಶನ ಮಣಿಕಟ್ಟಿಗೆ ಬಿಗಿದಳು.

"ಒಡಿ ಅಣ್ಣಾ. ಇಂಥಾ ಹಳೇ ಕಂಪ್ಯೂಟರ್ ಊರೂರಿಗೆ ಅದಾವು. ಎಷ್ಟಂತ ಒಡೀತಿ?"

ತಂಗಿಗೆ ಬೀಳಬೇಕಿದ್ದ ಏಟು ತಿಂದ ಆ ಮಣಿಕಟ್ಟನ್ನು ನೋಡುತ್ತ ವೆಂಕೋಬ ಬಡಿಗೆಯನ್ನು ಮೆಲ್ಲಗೆ ಕೆಳಗಿಳಿಸಿದ.

"ನಡೀರಿ, ದವಾಖಾನಿಗೆ ಹೋಗೂಣು," ಎಂದು ಅವಳು ಯಂಕೇಶನ ಇನ್ನೊಂದು ಕೈ ಹಿಡಿದಳು. ಅಡ್ಡ ನಿಂತಿದ್ದ ವೆಂಕೋಬ ಪಕ್ಕಕ್ಕೆ ಸರಿದು ಇಬ್ಬರಿಗೂ ದಾರಿ ಬಿಟ್ಟ.