ನಾಲ್ಕನೇ ಪರದೆ ಯಾರಿಗೆ?

"ಅಯ್ಯೋ! ಕೈ... ನನ್ನ ಕೈ!"

ದೋಣಿಯ ಚುಕ್ಕಾಣಿ ಕೋಣೆಯಲ್ಲಿ ಅಂಗಾತ ಮಲಗಿ, ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ತಲೆ ತೂರಿಸಿ ವೈರುಗಳ ಸಿಕ್ಕು ಬಿಡಿಸುತ್ತಿದ್ದವಳು ಚೀರಿದಳು. ಯಾರದೋ ಭಾರವಾದ ಬೂಟು ಅವಳ ಎಡಗೈ ಬೆರಳುಗಳ ಮೇಲಿತ್ತು.

ಬೂಟು ಥಟ್ಟನೆ ಮೇಲೆದ್ದಿತು. ಅವಳು ತೆವಳಿಕೊಂಡು ಹೊರಬಂದಳು. ಕೂದಲಲ್ಲಿ ಧೂಳು, ಹಣೆಯ ಮೇಲೆ ಗ್ರೀಸು, ಕಣ್ಣಲ್ಲಿ ನೀರು.

"ಏನ್ರೀ, ಕಣ್ಣು ಕಾಣಲ್ವಾ ನಿಮಗೆ? ಇಷ್ಟುದ್ದ ಹೆಂಗಸು ಬಿದ್ದಿದೀನಿ ಇಲ್ಲಿ!"

ಎದುರಿಗಿದ್ದ ಎತ್ತರದ ಗಂಡಸಿನ ಮುಖ ಒಮ್ಮೆಗೇ ಬಿಳಿಚಿಕೊಂಡಿತು. ಕಪಾಳಕ್ಕೆ ಹೊಡೆಸಿಕೊಂಡವನಂತೆ ನಿಂತುಬಿಟ್ಟ.

"ತಪ್ಪಾಯ್ತು... ನೋಡ್ಲಿಲ್ಲ. ನಿಜವಾಗ್ಲೂ ನೋಡ್ಲಿಲ್ಲ." ಅವನು ಮೊಣಕಾಲೂರಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದ. "ಮೂಳೆಗೇನೂ ಆಗಿಲ್ಲ. ನೋವಾಗ್ತಿದ್ಯಾ?"

ನೋವಾಗುತ್ತಿತ್ತು. ಆದರೆ ಯಾರಾದರೂ ತನ್ನ ಕೈಯನ್ನು ಇಷ್ಟು ಜೋಪಾನವಾಗಿ ಹಿಡಿದದ್ದು ಅವಳಿಗೆ ನೆನಪಿರಲಿಲ್ಲ. ಬೈಯಬೇಕೆಂದುಕೊಂಡದ್ದು ಮರೆತೇಹೋಯಿತು.

ಬಂದರಿನವರೆಲ್ಲ ಅವಳನ್ನು 'ತಂತಿ' ಎಂದು ಕರೆಯುತ್ತಿದ್ದರು. ದೋಣಿಗಳಿಗೆ ರೇಡಾರು, ನಕ್ಷೆಯ ಪರದೆ, ಆಳ ಅಳೆಯುವ ಯಂತ್ರ ಕೂರಿಸುವುದು ಅವಳ ಕಸುಬು. ತೀರಿಹೋದ ಅಪ್ಪನಿಂದ ಬಂದ ವಿದ್ಯೆ, ಅಪ್ಪನದೇ ಅಂಗಡಿ. ಮೈಯೂ ತಂತಿಯಂತೆ ಸಣಕಲು, ಮಾತೂ ಮುಟ್ಟಿದರೆ ಶಾಕ್ ಹೊಡೆಯುವಂಥದು. ಹೆಸರು ಅಂಟಿಕೊಂಡುಬಿಟ್ಟಿತ್ತು.

ಅವನು ಆ ದೋಣಿಯ ಕ್ಯಾಪ್ಟನ್. ಬಂದರಿನಾಚೆಯ ದ್ವೀಪಗಳಿಗೆ ಜನರನ್ನೂ ಔಷಧಿ, ದಿನಸಿಯನ್ನೂ ಸಾಗಿಸುತ್ತಿದ್ದ ದೋಣಿ ಅದು. ಈಗ ಕೆಲಸ ನಿಲ್ಲಿಸಿ, ದೋಣಿಗಳು ತಂಗುವ ದಕ್ಕೆಗೆ ಅದನ್ನು ಕಟ್ಟಿ ಹಾಕಿದ್ದ. ಮಂಜಿನ ಕಾಲ ಬರುವುದರೊಳಗೆ ಹಳೆಯ ಯಂತ್ರಗಳನ್ನೆಲ್ಲ ಕಿತ್ತು ಹೊಸ ಪರದೆಗಳನ್ನು ಹಾಕಿಸಬೇಕು ಎಂದು ಅವಳನ್ನು ಕರೆಸಿದ್ದ.

"ನಿಮ್ಮ ರೇಡಾರು, ನಕ್ಷೆ, ಆಳದ ಯಂತ್ರ... ಮೂರೂ ಒಂದೇ ಮನೇಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗಿವೆ," ಎಂದಳು ತಂತಿ, ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ. "ಒಂದಕ್ಕೊಂದು ಸಂಬಂಧಾನೇ ಇಲ್ಲ. ನಾನು ಮೂರು ದೊಡ್ಡ ಪರದೆ ಹಾಕಿ ಒಂದೇ ಕೇಬಲ್ಲಿಗೆ ಪೋಣಿಸ್ತೀನಿ. ಒಂದು ಸತ್ರೆ ಅದರ ಕೆಲಸಾನ ಇನ್ನೊಂದು ಮಾಡುತ್ತೆ."

"ಒಂದು ಸತ್ರೆ ಇನ್ನೊಂದು..." ಅವನು ತನ್ನೊಳಗೇ ಗೊಣಗಿಕೊಂಡ. "ಅದೇ ಬೇಕು ನನಗೆ."

ಮರುದಿನ ಅವಳು ರಟ್ಟು ತಂದಳು. ಪರದೆಯ ಅಳತೆಗೆ ಕತ್ತರಿಸಿ ಟೇಪು ಹಚ್ಚಿ, ಒಂದನ್ನು ಚುಕ್ಕಾಣಿಯ ಎದುರಿಗೆ, ಉಳಿದೆರಡನ್ನು ಅಕ್ಕಪಕ್ಕ ಅಂಟಿಸಿದಳು. ರಂಧ್ರ ಕೊರೆದ ಮೇಲೆ ಪಶ್ಚಾತ್ತಾಪ ಪಡುವುದಕ್ಕಿಂತ ರಟ್ಟಿನಲ್ಲಿ ತಪ್ಪು ಮಾಡುವುದು ವಾಸಿ ಎಂದು ಅಪ್ಪ ಹೇಳಿಕೊಟ್ಟಿದ್ದ.

"ಕೂತು ನೋಡಿ, ಸರಿಯಿದ್ಯಾ?"

ಅವನು ಕೂತ. ಬಹಳ ಹೊತ್ತು ಕೂತ.

"ಪಕ್ಕದ್ದು ಬೇಡ. ಮೂರೂ ನನ್ನ ಮೂಗಿನ ನೇರಕ್ಕೇ ಬರ್ಲಿ."

"ಸ್ವಾಮಿ, ಮೂಗಿನ ನೇರಕ್ಕೆ ಗಾಜಿದೆ, ಗಾಜಿನಾಚೆ ಸಮುದ್ರ ಇದೆ! ಪರದೆಯ ಗೋಡೆ ಕಟ್ಟಿಕೊಂಡು ಸಿನಿಮಾ ನೋಡ್ತೀರಾ? ಅದೂ ಅಲ್ದೆ, ದಿಕ್ಸೂಚಿಗೆ ಇಷ್ಟು ಹತ್ತಿರ ಪರದೆ ತಂದ್ರೆ ಮುಳ್ಳು ದಾರಿ ತಪ್ಪುತ್ತೆ."

"ಹೇಗಾದ್ರೂ ಮಾಡಿ... ದಯವಿಟ್ಟು."

ಆ 'ದಯವಿಟ್ಟು' ಎಂಬುದರಲ್ಲಿ ಎಂಥದೋ ಒಂದು ದೈನ್ಯವಿತ್ತು. ಅವಳು ವಾದ ಬಿಟ್ಟು ರಟ್ಟು ಕಿತ್ತಳು.

ಹೀಗೆ ರಟ್ಟುಗಳು ದಿನಕ್ಕೊಂದು ಜಾಗ ಬದಲಿಸಿದವು. ಎಂಜಿನ್ ಚಾಲೂ ಮಾಡುವಾಗ ಪರದೆಗಳು ಕಣ್ಣು ಮಿಟುಕಿಸಿ ಆರಿಹೋಗದಂತೆ ಅವಕ್ಕೇ ಬೇರೆ ಬ್ಯಾಟರಿ, ಮಾಡಿನ ಮೇಲೆ ರೇಡಾರಿಗೆ ಹೊಸ ಕಂಬ... ಮಾತಾಡಲು ಏನಾದರೊಂದು ನೆಪ ಸಿಗುತ್ತಲೇ ಇತ್ತು. ಸಂಜೆ ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳಿಟ್ಟುಕೊಂಡು ನಿಧಾನವಾಗಿ ಸುರಿಯುತ್ತಿದ್ದ. 'ಎಷ್ಟು ನಾಜೂಕು ಈ ಮನುಷ್ಯ!' ಎಂದುಕೊಂಡು ಅವಳು ಕದ್ದು ನೋಡುತ್ತಿದ್ದಳು.

ಒಂದು ಸಂಜೆ ಅವಳೇ ಬಾಯಿಬಿಟ್ಟಳು. "ನಿಶ್ಚಯ ಆಗಿತ್ತು ನನಗೆ. ಹುಡುಗನ ತಾಯಿ ನನ್ನ ಕೈ ನೋಡಿದ್ರು. ಬೆಸುಗೆ ಹಾಕುವಾಗ ಸುಟ್ಟ ಕಲೆಗಳು... 'ಇದೇನು ಹೆಣ್ಣಿನ ಕೈಯಾ' ಅಂದ್ರು. ಅಲ್ಲಿಗೆ ಮುಗೀತು."

ಅವನು ಅವಳ ಕೈಯನ್ನು ತನ್ನ ಮುಖದ ನೇರಕ್ಕೆ ತಂದು ದಿಟ್ಟಿಸಿದ.

"ಸುಟ್ಟುಕೊಂಡ ಕೈ ಕಟ್ಟಿದ ವೈರು ಯಾವತ್ತೂ ಸುಡಲ್ಲ. ಪಾಪ, ಅವರಿಗೆ ಗೊತ್ತಿಲ್ಲ ಅಷ್ಟೆ."

'ದೇವರೇ... ನಾನು ಈ ಮನುಷ್ಯನಿಗೆ ಸೋತುಹೋದೆ!'

"ನನ್ನನ್ನ ಯಾವಾಗ ಒಂದು ಸುತ್ತು ಕರ್ಕೊಂಡು ಹೋಗ್ತೀರಿ, ಕ್ಯಾಪ್ಟನ್?"

ಅವನು ಕೈ ಬಿಟ್ಟ. "ಕೆಲಸ ಮುಗೀಲಿ," ಎಂದು ಎದ್ದು ಹೊರಗೆ ಹೋದ.

ಆಮೇಲಿನ ವಾರ ಅವನು ಎರಡು ದಿನ ದೋಣಿಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಂದವನ ಮುಖ ಬೂದಿ ಬಳಿದಂತಿತ್ತು.

"ಪ್ಲ್ಯಾನ್ ಬದಲಾಯ್ತು," ಎಂದ, ಅವಳತ್ತ ನೋಡದೆ. "ಎಡಗಡೆ ಇನ್ನೊಂದು ಸೀಟು, ಇನ್ನೊಂದು ಚುಕ್ಕಾಣಿ ಬರುತ್ತೆ. ಅಲ್ಲಿಗೂ ಒಂದು ಪರದೆ ಹಾಕಿ. ನಾಲ್ಕನೇದು."

"ಯಾರು ಕೂರ್ತಾರೆ ಅಲ್ಲಿ?"

"ಒಬ್ಬಳಿದಾಳೆ. ನಿಮಗಿಂತ ಸ್ವಲ್ಪ ಗಿಡ್ಡ. ಅವಳ ಕಣ್ಣಿನ ಮಟ್ಟಕ್ಕೆ ಬರೋ ಹಾಗೆ ಕೂರಿಸಿ. ಇನ್ನು ಮುಂದೆ ಅವಳೇ... ಎಲ್ಲಾ ಅವಳದೇ."

ಅವಳ ಕೈಯಲ್ಲಿದ್ದ ರಟ್ಟು ಜಾರಿ ಬಿತ್ತು.

ಒಬ್ಬಳಿದಾಳೆ!

'ಮೂರ್ಖಳೇ! ಚಹಾ ಕೊಟ್ಟರೆ ಮನಸ್ಸು ಕೊಟ್ಟ ಹಾಗಾ? ನಿನ್ನ ಕೈಯಿಂದಲೇ ಅವಳ ಸೀಟು ಸಿಂಗರಿಸು ಅಂತ ಹಣೇಲಿ ಬರೆದಿತ್ತಾ?'

ಮನೆಗೆ ಬಂದವಳು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಳು. ಅಮ್ಮ ಎರಡು ಸಲ ಬಡಿಸಲು ಬಂದು ವಾಪಸು ಹೋದಳು.

"ಮತ್ತೆ ಯಾರಿಗೆ ಮನಸ್ಸು ಕೊಟ್ಟು ಬಂದ್ಯೇ?" ಎಂದಳು ಕೊನೆಗೆ.

"ಯಾರಿಗೂ ಇಲ್ಲಮ್ಮಾ."

"ಹೆತ್ತವಳ ಹತ್ರ ಹೆರಿಗೆ ವಿಷಯ ಮುಚ್ಚಿಟ್ಟ ಹಾಗಾಯ್ತು. ಹೋಗಿ ಮುಖ ತೊಳ್ಕೋ."

ತಂತಿ ಮುಖ ತೊಳೆಯುವ ನೆಪದಲ್ಲಿ ನಲ್ಲಿ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಒಮ್ಮೆ ಬಿಟ್ಟುಹೋದದ್ದನ್ನು ತಾಳಿಕೊಂಡಿದ್ದಳು. ಎರಡನೆಯ ಸಲಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ನೆಟ್ಟಗೆ ದೋಣಿಗೆ ಹೋದಳು.

"ಈ ಕೆಲಸ ನನ್ನಿಂದ ಆಗಲ್ಲ. ನನಗೆ ಗೊತ್ತಿರೋ ಇನ್ನೊಬ್ಬ ಮೆಕ್ಯಾನಿಕ್ಕನ್ನ ಕಳಿಸ್ತೀನಿ. ಒಳ್ಳೆ ಕೆಲಸಗಾರ."

ಅವನು ಹಗ್ಗ ಸುತ್ತುತ್ತಿದ್ದ. ಕೈ ನಿಂತಿತು. "ಯಾಕೆ?"

"ನನಗೆ ಎಲ್ಲಾ ಗೊತ್ತಾಯ್ತು ಕ್ಯಾಪ್ಟನ್. ಇನ್ನೂ ಬಿಡಿಸಿ ಹೇಳ್ಬೇಕಾ?"

ಅವನ ಮುಖ ಬಾಡಿತು. ಹಗ್ಗವನ್ನು ಮೆಲ್ಲಗೆ ಕೆಳಗಿಟ್ಟ.

"ಗೊತ್ತಾಯ್ತಾ... ನಾನೇ ಹೇಳ್ಬೇಕಿತ್ತು. ಧೈರ್ಯ ಸಾಲ್ಲಿಲ್ಲ. ನೀವು ನಗ್ತಾ ಇರೋವಾಗ ಹೇಳಕ್ಕೆ ಬಾಯೇ ಬರ್ಲಿಲ್ಲ."

"ಹೇಳಿದ್ರೆ ನಾನು ನನ್ನ ಪಾಡಿಗೆ ಇರ್ತಿದ್ದೆ."

"ಹೌದು. ಯಾರಾದ್ರೂ ಅಷ್ಟೇ. ನಿಮ್ಮದೇನೂ ತಪ್ಪಿಲ್ಲ... ಹೋಗಿ. ಚೆನ್ನಾಗಿರಿ."

ಅವಳು ಅವನಿಂದ ಒಂದು ಮಾತನ್ನು, ಒಂದೇ ಒಂದು 'ನಿಲ್ಲು' ಎಂಬುದನ್ನು ಬಯಸಿದ್ದಳು. ಅದು ಬರಲಿಲ್ಲ. ದಕ್ಕೆಯ ಉದ್ದಕ್ಕೂ ಅವಳು ಹಿಂತಿರುಗಿ ನೋಡದೆ ನಡೆದಳು. ನೋಡಿದ್ದರೆ ಕಾಣುತ್ತಿತ್ತು... ಅವನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಹಗ್ಗದ ಸುರುಳಿಯ ಮೇಲೆ ಕೂತುಬಿಟ್ಟಿದ್ದ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಅವಳು ಅಂಗಡಿಯಲ್ಲಿ ಕೇಬಲ್ ತುದಿಗೆ ಬೆಸುಗೆ ಹಾಕುತ್ತಿದ್ದಾಗ ಹೆಂಗಸೊಬ್ಬಳು ದಡದಡನೆ ಒಳಗೆ ಬಂದಳು. ಹಡಗಿನ ಕೆಲಸದವರು ಹಾಕುವ ಜಾಕೆಟ್ಟು, ಕೆಂಪಾದ ಕಣ್ಣು. ತಂತಿಗಿಂತ ಸ್ವಲ್ಪ ಗಿಡ್ಡ.

ಅವಳೇ!

"ನೀವೇನಾ ಆ ತಂತಿ?" ಬಂದವಳು ಕೌಂಟರಿಗೆ ಕೈಯೂರಿದಳು. "ಹೇಗೆ ಮನಸ್ಸು ಬಂತ್ರೀ ನಿಮಗೆ? ಕಣ್ಣು ಹೋಗ್ತಿದೆ ಅಂತ ಗೊತ್ತಾದ ತಕ್ಷಣ ನನ್ನ ಅಣ್ಣನ್ನ ಬಿಟ್ಟು ಓಡಿಬಂದ್ರಲ್ಲ!"

"ಅಣ್ಣ...?"

"ಅವನು ಊಟ ಬಿಟ್ಟಿದಾನೆ. 'ಗೊತ್ತಾಗಿ ಹೋದಳು, ಹೋಗ್ಲಿ ಬಿಡು, ಅವಳಾದ್ರೂ ಸುಖವಾಗಿರ್ಲಿ' ಅಂತಾನೆ. ನನ್ನ ಅಣ್ಣನ ಬಾಯಲ್ಲಿ ನಿಮ್ಮ ವಿಷಯ ಬಿಟ್ಟು ಬೇರೆ ಮಾತೇ ಇರ್ಲಿಲ್ಲ ಕಣ್ರೀ!"

ಬೆಸುಗೆಯ ಕಡ್ಡಿ ಹೊಗೆಯಾಡುತ್ತಲೇ ಇತ್ತು. ತಂತಿಗೆ ಅದನ್ನು ಆರಿಸುವುದೂ ತೋಚಲಿಲ್ಲ.

"ಕಣ್ಣು ಹೋಗ್ತಿದೆ ಅಂದ್ರೆ?" ಎಂದಳು ಪಿಸುದನಿಯಲ್ಲಿ. "ಯಾರ ಕಣ್ಣು?"

ತಂಗಿ ಅವಳ ಮುಖ ನೋಡಿದಳು. ಸಿಟ್ಟು ಜರ್ರನೆ ಇಳಿಯಿತು. "ನಿಮಗೆ... ಗೊತ್ತೇ ಇಲ್ವಾ?"

ಸ್ಟೂಲಿನ ಮೇಲೆ ಕೂತು ಅವಳು ಎಲ್ಲವನ್ನೂ ಹೇಳಿದಳು. ಅಣ್ಣನಿಗೆ ತಮ್ಮ ಅಪ್ಪನಿಂದ ಬಂದ ಕಾಯಿಲೆ. ಸುತ್ತಲಿನ ನೋಟ ವರ್ಷದಿಂದ ವರ್ಷಕ್ಕೆ ಮುಚ್ಚಿಕೊಳ್ಳುತ್ತ, ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಉಳಿಯುತ್ತದೆ. ಆಮೇಲೆ ಅದೂ ಇಲ್ಲ. ಅಪ್ಪ ಅದನ್ನು ಮುಚ್ಚಿಟ್ಟು ದೋಣಿ ನಡೆಸಿದ್ದ. ಬಂದರಿನ ಬಾಯಲ್ಲಿ ದೋಣಿಯನ್ನು ಬಂಡೆಗೆ ಹೊಡೆದ. ಅಮ್ಮನೂ ದೋಣಿಯಲ್ಲಿದ್ದಳು. ಇಬ್ಬರೂ ಜೀವಂತ ವಾಪಸು ಬರಲಿಲ್ಲ.

"ನನಗೆ ಅದು ಬರ್ಲಿಲ್ಲ, ಅವನಿಗೆ ಬಂತು. ಡಾಕ್ಟರು ಹೇಳಿದ ದಿನವೇ ದೋಣಿ ಕಟ್ಟಿಹಾಕಿದ. ಎಲ್ಲಾ ಪರದೆ ಎದುರಿಗೇ ಇದ್ರೆ ಇನ್ನೊಂದೆರಡು ವರ್ಷ ನಡೆಸಬಹುದೇನೋ ಅಂತ ಆಸೆ ಇಟ್ಕೊಂಡಿದ್ದ. ಹೋದ ಸಲದ ಪರೀಕ್ಷೇಲಿ ಅದೂ ಹೋಯ್ತು. ಇನ್ನು ದೋಣಿ ನಡೆಸೋಳು ನಾನು. ಆದ್ರೆ ಅವನು ಬದುಕಿರುವಾಗಲೇ ಅವನ ಸೀಟಲ್ಲಿ ನಾನು ಹೇಗೆ ಕೂರ್ಲಿ? ಅದಕ್ಕೇ ಎಡಗಡೆ ಬೇರೆ ಸೀಟು."

ಮೊದಲ ದಿನ ತಾನು ಕಿರುಚಿದ 'ಕಣ್ಣು ಕಾಣಲ್ವಾ' ಎಂಬ ಮಾತು ತಂತಿಯ ಕಿವಿಯಲ್ಲಿ ಕಾದ ಸೀಸದಂತೆ ಇಳಿಯಿತು. ಮೂಗಿನ ನೇರಕ್ಕೆ ಪರದೆ ಕೇಳಿದವನನ್ನು 'ಸಿನಿಮಾ ನೋಡ್ತೀರಾ' ಎಂದು ಗೇಲಿ ಮಾಡಿದ್ದಳಲ್ಲ!

ಅಂಗಡಿಯ ಬಾಗಿಲನ್ನೂ ಎಳೆಯದೆ ಅವಳು ಓಡಿದಳು.

ಅವನು ಚುಕ್ಕಾಣಿ ಕೋಣೆಯಲ್ಲಿ, ತನ್ನ ಸೀಟಿನಲ್ಲೇ ಕೂತಿದ್ದ. ಕಿತ್ತ ರಟ್ಟುಗಳು ತೊಡೆಯ ಮೇಲಿದ್ದವು. ಅವಳು ಪಕ್ಕದ ಬಾಗಿಲಿನಿಂದ ಬಂದದ್ದು ಅವನಿಗೆ ಕಾಣಲಿಲ್ಲ. ಅವನಿಗೆ ಹಾಗೆ ಕಾಣದಿರುವುದನ್ನು ಅವಳು ಮೊದಲ ಬಾರಿಗೆ ಕಣ್ಣಾರೆ ಕಂಡಳು. ಸುತ್ತಿ ಬಂದು ಅವನ ಎದುರಿಗೆ ನಿಂತಳು.

"ಅವಳು ತಂಗಿ ಅಂತ ಯಾಕೆ ಹೇಳ್ಲಿಲ್ಲ?"

ಅವನು ಬೆಚ್ಚಿದ. "ನೀವು... ಯಾರ ವಿಷಯ?"

"'ಒಬ್ಬಳಿದಾಳೆ, ಎಲ್ಲಾ ಅವಳದೇ' ಅಂದ್ರೆ ಹೆಣ್ಣುಜೀವ ಏನಂತ ತಿಳ್ಕೋಬೇಕು? ನಿಮ್ಮ ಮದುವೆ ಆಗೋ ಹುಡುಗಿ ಅಂದ್ಕೊಂಡೆ! ಅದಕ್ಕೇ ಹೋದೆ. ನಿಮ್ಮ ಕಣ್ಣಿನ ವಿಷಯ ನನಗೆ ಗೊತ್ತಾಗಿದ್ದೇ ಈಗ!"

ಅವನು ಅವಳನ್ನೇ ನೋಡಿದ. ಒಮ್ಮೆ ನಕ್ಕ. ಆ ನಗು ಅರ್ಧಕ್ಕೇ ಒಡೆದು ಅಳುವಾಯಿತು. ಅಷ್ಟೆತ್ತರದ ಗಂಡಸು ರಟ್ಟುಗಳನ್ನು ಅವುಚಿಕೊಂಡು ಮಗುವಿನಂತೆ ಅತ್ತ.

"ಈಗ ಗೊತ್ತಾಯ್ತಲ್ಲ. ಈಗಲಾದ್ರೂ ಹೋಗಿ," ಎಂದ ಕೊನೆಗೆ. "ಔಷಧಿ ಇಲ್ಲ ಇದಕ್ಕೆ. ಇವತ್ತು ಪಕ್ಕದಲ್ಲಿದ್ರೆ ಕಾಣಲ್ಲ, ನಾಳೆ ಎದುರಿಗಿದ್ರೂ ಕಾಣಲ್ಲ. ಗೊತ್ತಿದ್ದೂ ಗೊತ್ತಿದ್ದೂ ನಿಮ್ಮನ್ನ ಕತ್ತಲಿಗೆ ಯಾಕೆ ಎಳೀಲಿ?"

"ನೀವು ಎಳೀಬೇಡಿ. ನಾನೇ ಬಂದಿದೀನಿ."

"ಕನಿಕರಕ್ಕಾ?"

"ಕನಿಕರ ಆಗಿದ್ರೆ ದೂರದಿಂದಲೇ ಅಯ್ಯೋ ಅಂದು ಸುಮ್ಮನಾಗ್ತಿದ್ದೆ. ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ನನಗೂ ಭಯ ಆಗ್ತಿದೆ. ಆದ್ರೆ ನೀವಿಲ್ಲದೆ ಕಳೆದ ಈ ನಾಲ್ಕು ದಿನ ಇತ್ತಲ್ಲ... ಅದಕ್ಕಿಂತ ದೊಡ್ಡ ಕತ್ತಲೆ ನನಗೆ ಗೊತ್ತಿಲ್ಲ."

ಹೊರಗೆ ಬೆಳಕು ಇಳಿಯುತ್ತಿತ್ತು. ದಕ್ಕೆಗೆ ಕಟ್ಟಿದ ಹಗ್ಗಗಳು ಬಿಗಿದು ಸಡಿಲವಾಗಿ ಕಿರುಗುಟ್ಟುತ್ತಿದ್ದವು.

ಅವಳು ಹತ್ತಿರ ಬಂದು ಅವನ ಕೆನ್ನೆ ಒರೆಸಿದಳು. ಅವನು ಅವಳ ಮಣಿಕಟ್ಟು ಹಿಡಿದ.

"ಇಷ್ಟು ಹತ್ತಿರ ಬಂದ್ರೆ ನನಗೆ ನಿಮ್ಮ ಒಂದು ಕಣ್ಣು ಮಾತ್ರ ಕಾಣುತ್ತೆ," ಎಂದ ಮೆಲ್ಲಗೆ. "ಪೂರ್ತಿ ಕಾಣ್ಬೇಕಂದ್ರೆ ದೂರ ನಿಲ್ಲಬೇಕು. ಮುಂದಿನ ವರ್ಷ ಅದೂ ಇರುತ್ತೋ ಇಲ್ವೋ... ಒಂದು ಸಲ ನಿಲ್ತೀರಾ?"

ಅವಳು ಹಿಂದೆ ಹೆಜ್ಜೆಯಿಟ್ಟಳು. ಬಾಗಿಲು ದಾಟಿ ಡೆಕ್ಕಿಗೆ ಹೋದಳು.

"ಇಲ್ಲಿ?"

"ಇನ್ನೂ ಸ್ವಲ್ಪ ಹಿಂದೆ... ಹಾಂ. ಅಲ್ಲೇ."

ಗಾಳಿಗೆ ಹಾರಾಡುವ ಕೂದಲನ್ನು ಹಿಡಿದುಕೊಂಡು ಅವಳು ಅಲುಗಾಡದೆ ನಿಂತಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವನು ತಲೆಯಿಂದ ಕಾಲಿನವರೆಗೆ, ನಿಧಾನವಾಗಿ, ಬಾಯಿಪಾಠ ಮಾಡುವವನಂತೆ ನೋಡಿದ.

"ಆಯ್ತಾ?" ಎಂದು ಕೂಗಿದಳು ಕೊನೆಗೆ. "ಬರ್ಲಾ ಕ್ಯಾಪ್ಟನ್?"

ಅಷ್ಟು ದಿನವೂ ಅವಳಿಗೆ 'ನೀವು' ಎಂದೇ ಹೇಳುತ್ತಿದ್ದವನು ಕತ್ತಲಲ್ಲಿ ತಡಕುವವನಂತೆ ಎರಡೂ ಕೈ ಚಾಚಿದ.

"ಬಾ."