ಜಾಗ ಬಿಡದ ಮನುಷ್ಯ

ನನ್ನ ಬೆನ್ನಿಗೆ ಬೆಂಕಿ ಬಿತ್ತು!

ಹಾಗೆ ಅನ್ನಿಸಿತು. ಅಂಗಿ ಕಿತ್ತು ಬಿಸಾಕಬೇಕು ಎನ್ನುವಷ್ಟು ಉರಿ. ತಿರುಗಿ ನೋಡಿದೆ. ಬೆಂಕಿ ಇಲ್ಲ. ಹೊಗೆ ಇಲ್ಲ. ಸದ್ದೂ ಇಲ್ಲ...

ಮಿಲಿಟರಿ ಕ್ಯಾಂಪಿನ ತಂತಿ ಬೇಲಿಯ ಆಚೆ ಒಂದು ಲಾರಿ ನಿಂತಿತ್ತು. ಅದರ ನೆತ್ತಿಯ ಮೇಲೆ ಅಗಲವಾದ, ಚಪ್ಪಟೆಯಾದ ಒಂದು ತಟ್ಟೆ. ಆ ತಟ್ಟೆ ನನ್ನ ಕಡೆಗೇ ಮುಖ ಮಾಡಿತ್ತು.

ಓಡಿದೆ!

ಚಾಕು ನೋಡಿದವನು ನಾನು. ಪಿಸ್ತೂಲಿನ ಎದುರು ನಿಂತು ಮಾತಾಡಿದವನು. ಆದರೆ ಆ ಹೊತ್ತು ಕಾಲುಗಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ತಾವೇ ಓಡಿದವು. ಲಾಂಡ್ರಿ ಗೋಡೆಯ ಹಿಂದೆ ಹೋಗಿ ಬಿದ್ದೆ. ಸ್ವಿಚ್ ಆರಿಸಿದ ಹಾಗೆ ಉರಿ ನಿಂತುಹೋಯಿತು. ಅಂಗಿಯೊಳಗೆ ಕೈ ಹಾಕಿ ಬೆನ್ನು ಸವರಿಕೊಂಡೆ. ಒಂದು ಗುಳ್ಳೆಯೂ ಇಲ್ಲ.

"ನೋಡಿದ್ರಾ ಸಾರ್?" ಎಂದಿತು ಪಕ್ಕದಲ್ಲೊಂದು ದನಿ. "ಎಲ್ಲರೂ ಓಡ್ತಾರೆ. ಓಡ್ಲಿ ಅಂತಾನೇ ಅದನ್ನ ಮಾಡಿರೋದು."

ದಪ್ಪ ಕನ್ನಡಕ. ಯೂನಿಫಾರಂ ಮೇಲೆ ಯಾವನದೋ ದೊಗಳೆ ಸ್ವೆಟರ್. ಒಬ್ಬ ಸಿಪಾಯಿ ಗೋಡೆಗೆ ಒರಗಿ ಕೂತಿದ್ದ.

"ಆಸ್ಪತ್ರೆಗೆ ಫೋನ್ ಮಾಡಿದ್ದು ನೀನೇನಾ?"

"ಹೂಂ ಸಾರ್."

"ಆ ಲಾರಿ ಓಡ್ಸೋನು?"

"ಲಾರಿ ಓಡ್ಸೋನು ಬೇರೆ. ತಟ್ಟೆ ತಿರುಗ್ಸೋನು ನಾನು. ಈಗ ನನ್ನ ಜಾಗದಲ್ಲಿ ಬೇರೆಯವನು ಕೂತಿದಾನೆ. ಬೇಲಿ ಹತ್ರ ಯಾರು ಸುಳಿದ್ರೂ ತಿರುಗಿಸ್ತಾನೆ. ಮೊದ್ಲೆಲ್ಲಾ ಬಾಯಲ್ಲಿ ಗದರಿಸ್ತಿದ್ವಿ. ಈಗ ಗದರ್ಸೋಕೂ ಸೋಮಾರಿತನ!"

"ಭಾಷಣ ಆಮೇಲೆ. ಬೈಕ್ ಹತ್ತು!"

ತಲೆಬುಡ ಇಲ್ಲದೆ ಶುರು ಮಾಡಿಬಿಟ್ಟೆ, ಅಲ್ಲವೇ? ಹೇಳುತ್ತೇನೆ, ಕೇಳಿ.

ನಾನು ಪ್ರೈವೇಟ್ ಡಿಟೆಕ್ಟಿವ್. ಟೈರ್ ಅಂಗಡಿಯ ಮಹಡಿಯಲ್ಲಿ ನನ್ನ ಆಫೀಸು. ಮನೆ ಬಿಟ್ಟು ಹೋದ ಗಂಡಂದಿರನ್ನು ಹುಡುಕಿ ತರುವುದು, ಮದುವೆಗೆ ಮೊದಲು ಗಂಡಿನ ಬಂಡವಾಳ ಬಯಲು ಮಾಡುವುದು... ಇಂಥವೇ ಕೆಲಸ. ಮಿಲಿಟರಿಯ ತಂಟೆಗೆ ಹೋಗುವಷ್ಟು ನನ್ನ ತಲೆ ಕೆಟ್ಟಿರಲಿಲ್ಲ. ಕೆಡಿಸಿದ್ದು ಅಕ್ಕನ ಫೋನು.

"ನಿಮ್ಮ ಭಾವ ಆಸ್ಪತ್ರೇಲಿದಾರೆ ಕಣೋ. ಬೇಗ ಬಾ!"

ಭಾವ ಬಂದರಿನಲ್ಲಿ ಕ್ರೇನ್ ಡ್ರೈವರ್. ಅವತ್ತು ಬೆಳಿಗ್ಗೆ ಮೂಟೆ ಹೊರುವವರೆಲ್ಲ ಕೆಲಸ ನಿಲ್ಲಿಸಿ ಯಾರ್ಡಿಗೆ ನುಗ್ಗಿದ್ದರು. ಬಂದರನ್ನು ಕಾಯುತ್ತಿದ್ದ ಮಿಲಿಟರಿಯವರು ತಟ್ಟೆ ಲಾರಿ ತಂದು ನಿಲ್ಲಿಸಿದರು. ಜನ ಚೆಲ್ಲಾಪಿಲ್ಲಿ. ನಾನು ಹೋಗಿ ನೋಡುವಾಗ ಭಾವನ ಎರಡೂ ಕೈ ಮೊಣಕೈವರೆಗೆ ಸುಟ್ಟು ಕಪ್ಪಾಗಿದ್ದವು. ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ. ಪ್ರಜ್ಞೆ ಇರಲಿಲ್ಲ.

ಕ್ರೇನಿನಲ್ಲಿ ಕರೆಂಟ್ ಹೊಡೆಯಿತು ಎಂದು ಮಿಲಿಟರಿಯವರು ಹೇಳಿ ಕಳಿಸಿದ್ದರು.

ಸುಟ್ಟಗಾಯದ ವಾರ್ಡಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ಕರೆಂಟ್ ಆಗಿದ್ರೆ ಒಳಗೆ ಮಾಂಸವೇ ಸತ್ತಿರುತ್ತೆ. ಅದರ ವಿಷ ಕಿಡ್ನಿಗೆ ಇಳಿಯುತ್ತೆ. ಸಂಜೆಯೊಳಗೆ ಕೈ ತೆಗೀದಿದ್ರೆ ಜೀವ ಉಳಿಯಲ್ಲ. ಬರೀ ಹೊರಗಿನ ಬಿಸಿ ಆಗಿದ್ರೆ... ಕೈ ಉಳಿಸೋಕೆ ನೋಡ್ಬಹುದು."

"ಹೊರಗಿನ ಬಿಸೀನೇ ಮೇಡಂ! ಅಲ್ಲಿದ್ದ ಜನರೆಲ್ಲ ಮೈ ಉರೀತು ಅಂತಿದಾರಲ್ಲ!"

"ಅವರನ್ನೆಲ್ಲ ನಾನೇ ನೋಡ್ದೆ. ಒಬ್ಬರ ಮೈಮೇಲೂ ಗುಳ್ಳೆ ಇಲ್ಲ. ಅದೇ ಬಿಸಿ ಇವರೊಬ್ಬರನ್ನ ಮಾತ್ರ ಹೀಗೆ ಸುಡ್ತು ಅಂದ್ರೆ ನಾನು ಹೇಗೆ ನಂಬ್ಲಿ? ಗೊತ್ತಿರೋರು ಬಂದು ಹೇಳ್ಲಿ. ಸಂಜೆವರೆಗೆ ಕಾಯ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ."

ಅಷ್ಟರಲ್ಲಿ ವಾರ್ಡಿನ ಫೋನು ಹೊಡೆದುಕೊಂಡಿತು. ನರ್ಸ್ ಎತ್ತಿ ಮುಖ ಸಿಂಡರಿಸಿದಳು. "ಮತ್ತೆ ಅದೇ ಮನುಷ್ಯ! ಹೆಸರು ಹೇಳಲ್ಲ. ಕ್ರೇನಿನವರು ಹೇಗಿದಾರೆ ಅಂತ ಕೇಳ್ತಾನೆ, ಇಟ್ಬಿಡ್ತಾನೆ."

ಫೋನ್ ಕಿತ್ತುಕೊಂಡೆ.

"ಯಾರಪ್ಪ ನೀನು? ನಾನು ಅವರ ಬಾಮೈದ. ಇಡ್ಬೇಡ!"



"ನಾನು ಆ ಗಾಡೀಲಿದ್ದೆ ಸಾರ್," ಎಂದ. "ಕ್ಯಾಂಪ್ ಬೇಲಿ ಪಕ್ಕದ ಲಾಂಡ್ರಿ ಹಿಂದೆ ಬನ್ನಿ, ಹೇಳ್ತೀನಿ."

ಹೀಗೆ ನಾನು ಲಾಂಡ್ರಿ ಗೋಡೆಯ ಹಿಂದೆ ಹೋಗಿ ಬಿದ್ದದ್ದು.

ಈಗ ಬೈಕು ಬೈಪಾಸಿನಲ್ಲಿ ಹಾರುತ್ತಿತ್ತು. ಕನ್ನಡಕದವನು ನನ್ನ ಸೊಂಟ ತಬ್ಬಿ ಹಿಂದೆ ಕೂತಿದ್ದ.

"ಏನಾಯ್ತು? ಬೊಗಳು!" ಎಂದೆ.

"ಜನ ಓಡಿಹೋಗಿ ಕಂಟೇನರ್ ಹಿಂದೆ ಅವಿತ್ಕೊಂಡ್ರು ಸಾರ್. ಅಲ್ಲಿಗೆ ಉರಿ ತಲುಪಲ್ಲ. ಆದ್ರೆ ಅವರ ನೆತ್ತಿ ಮೇಲೇ ಕ್ರೇನಿನ ಲೋಡ್ ನೇತಾಡ್ತಿತ್ತು. ಅದನ್ನ ತಂದು ನಮ್ಮ ಮೇಲೆ ಹಾಕ್ತಾನೆ ಅಂತ ಮೇಜರ್ ಸಾಹೇಬ್ರು ಹೆದರಿದ್ರು. ಕ್ಯಾಬಿನ್ ಕಡೆ ತಿರುಗ್ಸು ಅಂದ್ರು. ತಿರುಗಿಸ್ದೆ."

"ಆಮೇಲೆ?"

"ಅವರು ಅಲ್ಲಾಡ್ಲಿಲ್ಲ!"

ನಾನು ಆಕ್ಸಿಲರೇಟರ್ ತಿರುವಿದೆ.

"ನಮಗೆ ಕಲ್ಸಿರೋದೇ ಅಷ್ಟು ಸಾರ್. ಉರಿ ಬಿತ್ತು ಅಂದ್ರೆ ಮನುಷ್ಯ ಜಾಗ ಬಿಡ್ತಾನೆ. ಬಿಡ್ಲಿಲ್ಲ ಅಂದ್ರೆ ಉರಿ ತಲುಪಿಲ್ಲ ಅಂತ. ತುಂಬಾ ಎತ್ತರ ಇದೆ, ಸಾಲ್ತಿಲ್ಲ ಅಂದ್ಕೊಂಡೆ. ಪವರ್ ಏರಿಸ್ದೆ. ಆಗ್ಲೂ ಅಲ್ಲಾಡ್ಲಿಲ್ಲ. ಇನ್ನೂ ಏರಿಸ್ದೆ..."

ಅವನು ಅಳುತ್ತಿದ್ದ. ನನ್ನ ಬೆನ್ನು ಒದ್ದೆಯಾಯಿತು.

"ರೈಫಲ್ ಎತ್ಬೇಕಾದ್ರೆ ಹತ್ತು ಸಲ ಯೋಚ್ನೆ ಮಾಡ್ತಿದ್ವಿ ಸಾರ್. ಇದಕ್ಕೆ ಯಾರೂ ಯೋಚ್ನೆ ಮಾಡಲ್ಲ. ಇದ್ರಿಂದ ಯಾರೂ ಸಾಯಲ್ವಲ್ಲ!"

ಭಾವ ಯಾಕೆ ಅಲ್ಲಾಡಲಿಲ್ಲ ಎಂದು ನನಗೆ ಗೊತ್ತಿತ್ತು. ಅದು ಓಬೀರಾಯನ ಕಾಲದ ಕ್ರೇನು. ಬ್ರೇಕ್ ನೆಟ್ಟಗೆ ಹಿಡಿಯುವುದಿಲ್ಲ. ಲಿವರ್ ಬಿಟ್ಟರೆ ಲೋಡ್ ಜಾರುತ್ತದೆ. ಹಾಗಾಗಿ ಲೋಡ್ ಮೇಲಿರುವಾಗ ಭಾವ ಯಾರಿಗೂ ಬಗ್ಗುವವರಲ್ಲ. ಮಗಳು ಹುಟ್ಟಿದ ಸುದ್ದಿ ಬಂದಾಗಲೂ ಕಂಟೇನರ್ ಇಳಿಸಿ, ಕೊಕ್ಕೆ ಬಿಡಿಸಿಕೊಂಡೇ ಕೆಳಗಿಳಿದ ಮಹಾನುಭಾವ! ಅಕ್ಕ ಇವತ್ತಿಗೂ ಅದನ್ನು ಹೇಳಿ ಹಂಗಿಸುತ್ತಾಳೆ.

ಕೆಳಗೆ ಜನ. ಕೈಯಲ್ಲಿ ಲಿವರ್. ಲೋಡನ್ನು ಖಾಲಿ ಜಾಗಕ್ಕೆ ತಿರುಗಿಸಿ ನಿಧಾನವಾಗಿ ಇಳಿಸುವವರೆಗೂ ಕೂತಿದ್ದಾರೆ. ಸುಡುತ್ತಾ ಕೂತಿದ್ದಾರೆ!

"ಇದನ್ನೇ ಡಾಕ್ಟರ್ ಹತ್ರ ಹೇಳ್ತೀಯಾ?"

"ಹೇಳ್ತೀನಿ ಸಾರ್. ಅದಕ್ಕೇ ಬಂದಿರೋದು."

ಕನ್ನಡಿಯಲ್ಲಿ ಒಂದು ಜೀಪು ಕಂಡಿತು. ಹಸಿರು ಜೀಪು. ಅದರ ಮೇಲೊಂದು ದುಂಡನೆಯ ಕರಿ ಪೆಟ್ಟಿಗೆ.

"ಹಾರನ್ ಗಾಡಿ ಸಾರ್! ಕಿವಿ ಮುಚ್ಕೊಳ್ಳಿ!"

"ಹ್ಯಾಂಡಲ್ ಯಾರು ಹಿಡೀತಾರೆ, ನಿಮ್ಮಪ್ಪಾನಾ?"

ಬಂತು ನೋಡಿ! ಅದನ್ನು ಸದ್ದು ಎನ್ನಲಾರೆ. ಎರಡು ಕಿವಿಗೂ ಯಾರೋ ಮೊಳೆ ಹೊಡೆದಂತಾಯಿತು. ಹಲ್ಲು ಅದುರಿದವು. ಕಣ್ಣು ಮಂಜಾಯಿತು. ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಕೈಚೀಲ ಬಿಸಾಕಿ ಕುಕ್ಕರಿಸಿದಳು. ಟ್ರಾಫಿಕ್ ಪೊಲೀಸ್ ತಲೆ ಹಿಡಿದುಕೊಂಡು ನಡುರಸ್ತೆಯಲ್ಲೇ ಬಗ್ಗಿದ. ಹಿಂದೆ ಕನ್ನಡಕದವನು ಕಿವಿ ಮುಚ್ಚಿಕೊಂಡಿದ್ದ. ನಾನೂ ಕೈ ಬಿಟ್ಟು ಕಿವಿ ಮುಚ್ಚಿಕೊಂಡರೆ ಇಬ್ಬರೂ ಬೀಳುತ್ತೇವೆ. ಬಿದ್ದರೆ ಭಾವನ ಕೈ ಹೋಗುತ್ತದೆ. ಹಲ್ಲು ಕಚ್ಚಿ ಹ್ಯಾಂಡಲ್ ಹಿಡಿದೆ... ಎರಡು ಅಂಗಡಿಗಳ ನಡುವಿನ ಸಂದಿಗೆ ಬೈಕ್ ನುಗ್ಗಿಸಿದೆ. ಜೀಪು ಆಚೆಯೇ ಸಿಕ್ಕಿಕೊಂಡಿತು.

ಸದ್ದು ನಿಂತಿತು.

ಎಲ್ಲ ಸದ್ದೂ ನಿಂತಿತು!

ಬೈಕಿನ ಇಂಜಿನ್ ಕೇಳಿಸುತ್ತಿರಲಿಲ್ಲ. ಕನ್ನಡಕದವನ ಬಾಯಿ ಆಡುತ್ತಿತ್ತು. ಮಾತಿಲ್ಲ. "ಜೋರಾಗಿ ಹೇಳೋ!" ಎಂದೆ. ನನ್ನ ದನಿಯೇ ನನಗೆ ಕೇಳಲಿಲ್ಲ. ಕತ್ತಿನ ಮೇಲೆ ಏನೋ ಹರಿದಂತಾಗಿ ಒರೆಸಿಕೊಂಡೆ. ರಕ್ತ.

ಆದರೂ ಸಂಜೆಯೊಳಗೆ ತಲುಪಿದೆವು. ವಾರ್ಡಿನ ಬಾಗಿಲಲ್ಲಿ ಅಕ್ಕ ಇದ್ದಳು. ಡಾಕ್ಟರಮ್ಮ ಇದ್ದರು. ಗೆದ್ದೆ ಅಂದುಕೊಂಡೆ.

ಮೇಜರೂ ಇದ್ದ!

ನೀಟಾಗಿ ಇಸ್ತ್ರಿ ಮಾಡಿದ ಯೂನಿಫಾರಂ. ಹಸನ್ಮುಖ. ಮದುವೆ ಮನೆಯಲ್ಲಿ ಬೀಗರನ್ನು ಎದುರುಗೊಳ್ಳುವವನ ಹಾಗೆ ನಮ್ಮ ಕಡೆ ಎರಡು ಹೆಜ್ಜೆ ಬಂದ. ಕನ್ನಡಕದವನನ್ನು ನಾನು ಮುಂದಕ್ಕೆ ತಳ್ಳಿದೆ. "ಹೇಳು!"

ಅವನು ಬಾಯಿ ತೆರೆದ. ಡಾಕ್ಟರಮ್ಮ ಅವನತ್ತ ಬಗ್ಗಿದರು. ಮೇಜರ್ ಬಂದು ಅವನ ಹೆಗಲ ಮೇಲೆ ಕೈ ಇಟ್ಟ. ಗದರಲಿಲ್ಲ. ಅಣ್ಣನ ಹಾಗೆ ಮೆಲ್ಲಗೆ ಏನೋ ಹೇಳಿದ. ಕನ್ನಡಕದವನ ಬಾಯಿ ಮುಚ್ಚಿಕೊಂಡಿತು.

ನಾನು ಕೂಗಿದೆ. ಪವರ್ ಏರಿಸಿದ್ದು, ಭಾವ ಲಿವರ್ ಬಿಡದೆ ಇದ್ದದ್ದು, ಎಲ್ಲವನ್ನೂ ಕೂಗಿ ಹೇಳಿದೆ. ಇಬ್ಬರು ಸಿಪಾಯಿಗಳು ಬಂದು ನನ್ನ ತೋಳು ಹಿಡಿದುಕೊಂಡರು. ಮೆತ್ತಗೇ ಹಿಡಿದರು. ಈಗಿನ ಕಾಲದಲ್ಲಿ ಅವರು ಎಲ್ಲವನ್ನೂ ಮೆತ್ತಗೇ ಮಾಡುತ್ತಾರೆ.

ಡಾಕ್ಟರಮ್ಮ ಕನ್ನಡಕದವನನ್ನು ಏನೋ ಕೇಳಿದರು. ಮತ್ತೆ ಕೇಳಿದರು. ಅವನು ಕನ್ನಡಕ ತೆಗೆದು ಸ್ವೆಟರಿನ ತುದಿಗೆ ಒರೆಸಿದ. ಇಲ್ಲ ಎಂದು ತಲೆ ಆಡಿಸಿದ. ನನ್ನ ಕಡೆ ನೋಡಲಿಲ್ಲ.

ಅವರ ತುಟಿಗಳನ್ನೇ ನೋಡುತ್ತಾ ನಿಂತಿದ್ದೆ. ಏನು ನಡೆಯುತ್ತಿದೆ ಎಂದು ಗೊತ್ತು. ಒಂದಕ್ಷರ ಕೇಳಿಸುತ್ತಿಲ್ಲ. ಜೀವನದಲ್ಲಿ ಅಷ್ಟು ನಿಸ್ಸಹಾಯಕನಾಗಿ ನಾನು ಎಲ್ಲೂ ನಿಂತಿಲ್ಲ. ಡಾಕ್ಟರಮ್ಮ ಅಕ್ಕನಿಗೆ ಏನೋ ಹೇಳಿದರು. ಅಕ್ಕ ನನ್ನನ್ನು ನೋಡಿದಳು. ತಮ್ಮ ಏನಾದರೂ ಮಾಡಿಯಾನು ಎಂದು ನೋಡಿದಳು. ನನ್ನ ಎರಡು ತೋಳೂ ಅವರ ಹಿಡಿತದಲ್ಲಿದ್ದವು. ಅಕ್ಕ ಡಾಕ್ಟರಮ್ಮನ ಕಡೆ ತಿರುಗಿ, ಆಗಲಿ ಎಂದು ತಲೆ ಆಡಿಸಿದಳು.

ಮಾರನೆಯ ದಿನ ನನ್ನ ಎಡಗಿವಿ ಅಷ್ಟಿಷ್ಟು ಕೇಳತೊಡಗಿತು. ಬಲಗಿವಿ ಹೋದದ್ದು ಹೋಯಿತು. ಅಕ್ಕನನ್ನು ಎಡಗಡೆ ಕೂರಿಸಿಕೊಂಡು ಕೇಳಿದೆ.

"ಆ ಮೇಜರ್ ಏನಂದ?"

"ಈ ಹುಡುಗ ನಿದ್ದೆಗೆಟ್ಟು ಏನೇನೋ ಬಡಬಡಿಸ್ತಾನೆ ಅಂದ. ಆ ಗಾಡಿಯಿಂದ ಯಾರೂ ಸುಡಲ್ಲ, ಮೈಮೇಲೆ ಉರಿ ಬಿದ್ದ ತಕ್ಷಣ ಮನುಷ್ಯ ಓಡ್ತಾನೆ ಅಂದ. ಓಡದೇ ಇದ್ರೆ? ಅಂತ ಡಾಕ್ಟರಮ್ಮ ಕೇಳಿದ್ರು. ಅಂಥ ಮನುಷ್ಯನೇ ಇಲ್ಲ ಮೇಡಂ ಅಂದ್ಬಿಟ್ಟ."

"ನಾನು ಕೂಗಿ ಹೇಳಿದ್ನಲ್ಲ?"

ಅಕ್ಕ ನನ್ನ ಎಡಗಿವಿಯ ಹತ್ತಿರ ಬಗ್ಗಿದಳು. "ಮಾತು ಎಲ್ಲಿತ್ತು? ಬರೀ ಅರಚ್ತಿದ್ದೆ ಕಣೋ. ಒಂದೂ ಅರ್ಥ ಆಗ್ಲಿಲ್ಲ."

ಆಗಲೇ ಡಾಕ್ಟರಮ್ಮ ಬಂದರು. ಕೂರಲಿಲ್ಲ.

"ಬಲಗೈ ತೆಗೆದೆ," ಎಂದರು. "ತೆಗೆದ ಮೇಲೆ ಒಳಗೆ ನೋಡ್ದೆ. ಮಾಂಸ ಜೀವಂತವಾಗಿತ್ತು. ಕರೆಂಟ್ ಅಲ್ಲವೇ ಅಲ್ಲ. ಎಡಗೈ ಮುಟ್ಲಿಲ್ಲ."

ಅಕ್ಕ ಗೋಡೆಗೆ ತಲೆ ಆನಿಸಿದಳು. ಡಾಕ್ಟರಮ್ಮ ಹೊರಟುಹೋದರು. ಆಕೆಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋದೆ. ಇನ್ಸ್‌ಪೆಕ್ಟರ್ ನನ್ನ ಹಳೇ ದೋಸ್ತ್.

"ಗುಂಡು ಎಲ್ಲಿ?" ಎಂದ.

"ಗುಂಡು ಇಲ್ಲ."

"ಖಾಲಿ ಕಾಡತೂಸು?"

"ಅದೂ ಇಲ್ಲ."

"ಬಂದರಲ್ಲಿ ಬೇರೆ ಯಾರಿಗಾದ್ರೂ ಗಾಯ?"

"...ಇಲ್ಲ."

"ಮತ್ತೆ ಏನಂತ ಕೇಸ್ ಹಾಕ್ಲಿ ಮಾರಾಯ? ಅವತ್ತು ಬಹಳ ಬಿಸಿ ಇತ್ತು ಅಂತಲಾ?"

ಕನ್ನಡಕದವನನ್ನು ಎಲ್ಲಿಗೋ ವರ್ಗ ಮಾಡಿದರು. ಎಲ್ಲಿಗೆ ಎಂದು ನನ್ನಂಥವನಿಗೇ ಪತ್ತೆ ಹಚ್ಚಲಾಗಲಿಲ್ಲ. ಟಿವಿಯಲ್ಲಿ ಮೇಜರ್ ಬಂದ. ಒಂದು ಹನಿ ರಕ್ತ ಚೆಲ್ಲದೆ ಬಂದರಿನ ಗಲಭೆ ಹತೋಟಿಗೆ ಬಂತಂತೆ! ಇನ್ನು ಮೇಲೆ ಎಲ್ಲ ಬಂದರುಗಳಿಗೂ, ಆಮೇಲೆ ಊರೂರಿಗೂ ಅಂಥ ಲಾರಿಗಳು ಬರಲಿವೆಯಂತೆ. ಅಕ್ಕ ಎದ್ದು ಟಿವಿ ಆರಿಸಿದಳು.

ಭಾವನಿಗೆ ಪ್ರಜ್ಞೆ ಬಂತು. ಬ್ಯಾಂಡೇಜಿನ ನಡುವೆ ಕಣ್ಣು ಮಾತ್ರ ಕಾಣುತ್ತಿತ್ತು.

"ಲೋಡ್ ಸರಿಯಾಗಿ ಇಳೀತಾ?" ಎಂದರು. ಮೊದಲ ಮಾತೇ ಅದು.

"ಇಳೀತು ಭಾವ."

"ಯಾರ ಮೇಲೂ ಬೀಳ್ಲಿಲ್ಲ ತಾನೆ?"

"ಇಲ್ಲ ಭಾವ. ಒಬ್ಬರಿಗೂ ಏನೂ ಆಗ್ಲಿಲ್ಲ."

ತಲೆ ಆಡಿಸಿದರು. ಆಮೇಲೆ ಹೊದಿಕೆಯ ಬಲಗಡೆ ನೋಡಿದರು. ಬಹಳ ಹೊತ್ತು ನೋಡಿದರು. ಒಂಟಿ ಕೈಯವನಿಗೆ ಯಾವ ಬಂದರಿನಲ್ಲೂ ಕ್ರೇನ್ ಕೊಡುವುದಿಲ್ಲ. ಅದು ಅವರಿಗೆ ನಾನು ಹೇಳಬೇಕಾದ ವಿಷಯವಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಮುಖ ತಿರುಗಿಸಿಕೊಂಡೆ.

ಡಿಸ್ಚಾರ್ಜ್ ಆಗುವ ದಿನ ಮೇಜರ್ ಬಂದ. ಜೊತೆಗೆ ಹಣ್ಣಿನ ಬುಟ್ಟಿ, ಒಬ್ಬ ಫೋಟೋಗ್ರಾಫರ್. ನನ್ನ ಮುಷ್ಟಿ ಬಿಗಿಯಿತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಹೆಂಗಿದೀರಿ ಯಜಮಾನ್ರೇ?" ಎಂದ ಮೇಜರ್. "ನಿಮಗಾದ ಆಕ್ಸಿಡೆಂಟಿಗೆ ನಮಗೂ ಬೇಜಾರಿದೆ. ಆದ್ರೆ ನೋಡಿ, ಅವತ್ತು ಅಷ್ಟು ಜನ ಸೇರಿದ್ರು. ಒಂದೇ ಒಂದು ಜೀವ ಹೋಗ್ಲಿಲ್ಲ!"

ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. ಮೇಜರ್ ನಗುತ್ತಾ ಮಂಚದ ಬಲಗಡೆಗೆ ಬಂದು ಕುಲುಕಲು ಕೈ ಚಾಚಿದ.

ಭಾವ ಆ ಕೈಯನ್ನೇ ನೋಡಿದರು.

"ಎಡಗಡೆಗೆ ಬನ್ನಿ ಸಾರ್," ಎಂದರು. "ಬಲಗಡೆ ನಿಮ್ಮವರು ಆಗ್ಲೇ ಬಂದು ಹೋಗಿದಾರೆ!"