ಮಾಯಿಗನ ಮೂರು ಸವಕಲು ಕಾಸು

ಬಹಳ ಹಿಂದೆ, ಹುಲಿಗೂ ಹಾವಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳು ಕೆರೆಗಳಾಚೆ ತಾಮ್ರಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಪೇಟೆಬೀದಿಯಲ್ಲಿ ಮಾಯಿಗ ಎಂಬವನು ಹೆಂಡತಿ ಚಿಕ್ಕತಾಯಿಯೊಡನೆ ಮಂಡಕ್ಕಿ ಮಾರುತ್ತಿದ್ದ. ಅವನಿಗೊಂದು ಹುಚ್ಚು. ವ್ಯಾಪಾರದಲ್ಲಿ ಸವಕಲು ಕಾಸು ಬಂದರೆ ಸಾಕು, ಅದರ ಬದಲು ತನ್ನದೊಂದು ಒಳ್ಳೆಯ ಕಾಸು ಗಲ್ಲಾಪೆಟ್ಟಿಗೆಗೆ ಹಾಕಿ, ಅದನ್ನು ಸೊಂಟದ ಚೀಲಕ್ಕೆ ಇಳಿಸುತ್ತಿದ್ದ.

“ಕಾಸಿಗೆ ತಕ್ಕ ಕಜ್ಜಾಯ ಅಂತಾರೆ. ನಿನ್ ಕಾಸಿಗೆ ಕಜ್ಜಾಯದ ವಾಸ್ನೇನೂ ಸಿಗಕಿಲ್ಲ” ಎಂದು ಚಿಕ್ಕತಾಯಿ ಆಡಿಕೊಳ್ಳುತ್ತಿದ್ದಳು.

“ಸುಮ್ ಸುಮ್ನೆ ಸವೆದೀತಾ ಕಣಮ್ಮಿ? ಎಷ್ಟು ಜನ ಕೊಟ್ಟವ್ರೆ, ಎಷ್ಟು ಜನ ಈಸ್ಕೊಂಡವ್ರೆ!” ಎನ್ನುತ್ತಿದ್ದ ಮಾಯಿಗ.

ಅವನಿಗೆ ಓದು ಬಾರದು. ಆದರೆ ಅಕ್ಷರ ಅಳಿಸಿಹೋದ ಕಾಸನ್ನು ಹೆಬ್ಬೆರಳಲ್ಲಿ ಸವರಿ, ಅದು ಎಲ್ಲೆಲ್ಲಿ ಬಾಳಿತ್ತೆಂದು ಹೇಳುತ್ತಿದ್ದ. ಎಂಥ ಬೆರಳಪ್ಪಾ ಅದು! ಆಸ್ಥಾನದ ಪಂಡಿತರಿಗೂ ಅಂಥ ಓದು ಬರುತ್ತಿರಲಿಲ್ಲ.

ಹೀಗಿರಲು ಧೂಮಕೇಶನೆಂಬ ಮಾಂತ್ರಿಕ ರಾಜನನ್ನು ಮರುಳು ಮಾಡಿ, ನಾಣ್ಯ ಅಚ್ಚುಹಾಕುವ ಟಂಕಸಾಲೆಯನ್ನು ಹಿಡಿದುಕೊಂಡ. ಅವನ ಪ್ರಾಣವಿದ್ದದ್ದು ಅಲ್ಲಿನ ಉಕ್ಕಿನ ಅಚ್ಚಿನಲ್ಲಿ. ಅದರಲ್ಲಿ ತನ್ನ ಮುಖವನ್ನೇ ಕೊರೆದು ಫಳಫಳ ಹೊಳೆಯುವ ನಾಣ್ಯ ಹೊರತಂದ. ಅದನ್ನು ಹಿಡಿದವರ ಮುಷ್ಟಿ ಮುಚ್ಚಿಕೊಳ್ಳುವುದು, ಮತ್ತೆ ತೆರೆಯದು. ಮೂರನೆಯ ದಿನ ಕೈ ಕಲ್ಲಾಗುವುದು.

ಸುದ್ದಿ ಹಬ್ಬಿ, ಹೊಸ ನಾಣ್ಯ ಕಂಡರೆ ಜನ ಓಡತೊಡಗಿದರು. ಆಗ ಆ ಧೂರ್ತ ತನ್ನ ಆಳುಗಳಿಗೆ ರಕ್ಷೆ ಕಟ್ಟಿ, ಹೊಸ ನಾಣ್ಯ ಕೊಟ್ಟು ಬೆಳಬೆಳಗ್ಗೆ ಅಂಗಡಿಗಳಿಗೆ ಕಳಿಸಿದ. ದಿನದ ಮೊದಲ ಕಾಸು ಬೋಣಿ. ಬೋಣಿ ಬೇಡವೆನ್ನಲು ಯಾವ ವ್ಯಾಪಾರದವಳಿಗೆ ನಾಲಿಗೆ ಹೊರಳೀತು? ಚಿಕ್ಕತಾಯಿ ನಾಣ್ಯ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಮುಷ್ಟಿ ಮುಚ್ಚಿಕೊಂಡಿತು.

“ಗೊತ್ತಿದ್ದೂ ಈಸ್ಕೊಂಡ್ನಲ್ಲಾ! ಬೋಣೀನ ಹೆಂಗ್ ಒಲ್ಲೆ ಅನ್ಲಿ?” ಎಂದು ಅತ್ತಳು.

ಮಾಯಿಗ ಚೀಲದಿಂದ ಮೂರು ಕಾಸು ಆರಿಸಿಕೊಂಡು ಟಂಕಸಾಲೆಗೆ ಹೊರಟ.

ಮೊದಲ ಬಾಗಿಲಲ್ಲಿ ಬೆಂಕಿಹುಲಿ. “ಹೊನ್ನು ಕೊಡು, ಇಲ್ಲವೇ ನಿನ್ನನ್ನೇ ತಿನ್ನುವೆ!”

ಮಾಯಿಗ ತೂತಿನ ಕಾಸು ಚಾಚಿದ. “ಹೊನ್ನಲ್ಲ, ಆದ್ರೂ ನೋಡು. ದೃಷ್ಟಿ ಆಗ್ದಿರ್ಲಿ ಅಂತ ಕೂಸಿನ ಕೊರಳ್ಗೆ ಕಟ್ಟಿದ್ರು. ಹಲ್ಲು ಬರೋವಾಗ ಕೂಸು ಇದನ್ನ ಚೀಪೈತೆ.”

ಹುಲಿಗೆ ತನ್ನ ಮರಿ ನೆನಪಾಯಿತು. ಕಾಸು ಕಚ್ಚಿಕೊಂಡು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಸರ್ಪ. “ಹೊನ್ನು ಕೊಡು, ಇಲ್ಲವೇ ಏಳು ಸಲ ಕಚ್ಚುವೆ!”

“ಇದ ನೋಡು. ಗಂಡ ಹೆಂಡ್ತಿ ಎಲೆ ಅಡಿಕೆಗೆ ಸುಣ್ಣದ ಡಬ್ಬಿ ಕೆರೆದಿರೋ ಕಾಸು. ಈ ಅಂಚು ಅವನು ಸವೆಸಿದ್ದು, ಆ ಅಂಚು ಅವಳು. ಅವನು ಹಿಡಿದ ಅಂಚ ಅವಳು ಮುಟ್ನಿಲ್ಲ, ಅಂಥಾ ಜಗಳ! ಆದ್ರೂ ಡಬ್ಬಿ ಮಾತ್ರ ಒಂದೇ.”

ಸರ್ಪ ಏಳು ಬಾಯಲ್ಲೂ ನಕ್ಕಿತು. ನಗುತ್ತಲೇ ದಾರಿ ಬಿಟ್ಟಿತು.

ಮೂರನೆಯ ಬಾಗಿಲೊಳಗೆ ಸುತ್ತಿಗೆ ಹಿಡಿದು ಧೂಮಕೇಶನೇ ನಿಂತಿದ್ದ. “ಕಾಸು ಓದುವವನೋ ನೀನು? ಉಳಿದಿದ್ದನ್ನೂ ಓದು. ಓದಿದರೆ ನಿನ್ನ ಹೆಂಡತಿಯ ಮುಷ್ಟಿ ಬಿಚ್ಚುವೆ. ಓದದಿದ್ದರೆ ನಿನ್ನನ್ನೂ ಕಲ್ಲು ಮಾಡುವೆ.”

ಮೂರನೆಯದು ಮಾಯಿಗನಿಗೆ ಪ್ರಾಣದಂಥ ಕಾಸು. ಎರಡು ಕಡೆಯೂ ನುಣ್ಣಗೆ, ಒಂದು ಗೆರೆಯೂ ಇಲ್ಲ. ಸವರಿದ, ಮತ್ತೆ ಸವರಿದ. ಸುಳ್ಳು ಹೇಳಬಹುದಿತ್ತು. ಆದರೆ ಆ ಕಾಸಿನ ಮೇಲೆ ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

“ಇದ ಓದಕ್ಕೆ ನನ್ ಕೈಲಾಗಕಿಲ್ಲ ಬುದ್ಧಿ. ಒಬ್ಬರ ಕತೆ ಆಗಿದ್ರೆ ಹೇಳ್ತಿದ್ದೆ. ಇದ್ನ ಎಲ್ರೂ ಮುಟ್ಟವ್ರೆ.”

ಮಾಂತ್ರಿಕ ಗಹಗಹಿಸಿದ. “ಸೋತೆ! ನೋಡು, ಇದಕ್ಕೂ ನನ್ನ ಮುಖವನ್ನೇ ಒತ್ತುವೆ!” ಕಾಸನ್ನು ಕಿತ್ತುಕೊಂಡು ಅಚ್ಚಿಗಿಟ್ಟ. ಒಂದು ಪೆಟ್ಟು ಹಾಕಿದ, ಮುಖ ಮೂಡಲಿಲ್ಲ. ಎರಡನೆಯ ಪೆಟ್ಟಿಗೂ ಮೂಡಲಿಲ್ಲ. ರೋಷದಿಂದ ಮೂರನೆಯದು ಹಾಕಿದ. ಕಾಸು ಹಾಗೆಯೇ ಇತ್ತು, ಅಚ್ಚು ಎರಡು ಹೋಳಾಯಿತು. ಧೂಮಕೇಶ ಹೊಗೆಯಾಗಿ ಕಿಟಕಿಯಿಂದ ಹಾರಿಹೋದ.

ರಾಜ್ಯದ ಮುಷ್ಟಿಗಳೆಲ್ಲ ಒಮ್ಮೆಗೇ ಬಿಚ್ಚಿದವು. ಕಲ್ಲಾದ ಕೈಗಳಲ್ಲಿ ಮತ್ತೆ ನೆತ್ತರು ಹರಿಯಿತು.

ರಾಜ ನಾಚಿಕೊಂಡು ಸಿಂಹಾಸನದಿಂದಿಳಿದು ಟಂಕಸಾಲೆಗೆ ಬಂದ. “ತೂಕಕ್ಕೆ ತೂಕ ವಜ್ರ ಕೊಡುವೆ. ಆ ಕಾಸು ನಮ್ಮ ಭಂಡಾರಕ್ಕಿರಲಿ” ಎಂದ.

“ಬ್ಯಾಡಿ ಬುದ್ಧಿ” ಎಂದು ಮಾಯಿಗ ಕೈಮುಗಿದು, ಮನೆಗೆ ಓಡಿ, ಹೆಂಡತಿಯ ಬಿಚ್ಚಿದ ಅಂಗೈಯಲ್ಲಿ ಕಾಸನ್ನಿಟ್ಟ. ಚಿಕ್ಕತಾಯಿ ಅದನ್ನು ಹೆಬ್ಬೆರಳಲ್ಲಿ ಬಹಳ ಹೊತ್ತು ಸವರಿದಳು. ಆಡಿಕೊಳ್ಳಲಿಲ್ಲ.

“ಇದ ಇಟ್ಕೊಂಡ್ರೆ ನಮ್ದೂ ಮುಚ್ಚಿದ ಮುಷ್ಟೀನೇ ಅಲ್ವಾ?” ಎಂದಳು.

ಮಾಯಿಗನ ಕಣ್ಣು ತುಂಬಿತು. ಇಬ್ಬರೂ ಎದುರಿನ ಅಂಗಡಿಗೆ ಹೋಗಿ, ಆ ಕಾಸು ಕೊಟ್ಟು ಒಂದು ಅಚ್ಚು ಬೆಲ್ಲ ತಂದರು. ಅಲ್ಲಿಂದ ಮುಂದೆ ತಾಮ್ರಗಿರಿಯ ಜನ ಕೊಟ್ಟು ಕೊಂಡು ಸುಖವಾಗಿ ಬಾಳಿದರು. ಕಾಸು ಮಾತ್ರ ಇನ್ನೂ ಯಾರದೋ ಕೈಯಿಂದ ಯಾರದೋ ಕೈಗೆ ಹೋಗುತ್ತಲೇ ಇದೆ.